ಮುತ್ತಮ್ಮನ ಮುತ್ತುಗಳು ಎಲ್ಲಿ ಹೋದವು? ಮರಿಗಿಳಿ ಮೊದಲ ಸಲ ಗರಿ ಬದಲಿಸುವಾಗ

ಪ್ರಶ್ನೆ: ಡಾಕ್ಟ್ರೇ, ನಾವು ಚಿತ್ರದುರ್ಗದವರು. ಯುಗಾದಿ ಮುಗಿದ ಮರುವಾರ ಮಗಳ ಹಠಕ್ಕೆ ಮಣಿದು ಒಂದು ಕಾಕಟೀಲ್ ಮರಿ, ಅಂದರೆ ತಲೆಯ ಮೇಲೆ ಜುಟ್ಟಿರುವ ಸಣ್ಣ ಗಿಳಿ ಜಾತಿಯದು, ತಂದೆವು. ಎರಡು ತಿಂಗಳ ಮರಿ, ಹೆಣ್ಣು ಅಂತ ಅಂಗಡಿಯವರು ಹೇಳಿದರು. ಹಾರಿ ಹೋಗದಿರಲಿ ಅಂತ ಎರಡೂ ರೆಕ್ಕೆ ಕತ್ತರಿಸಿಯೇ ಕೊಟ್ಟರು. ಬೆನ್ನು, ರೆಕ್ಕೆಯ ಮೇಲೆಲ್ಲ ಮುತ್ತು ಚೆಲ್ಲಿದ ಹಾಗೆ ಹಳದಿ ಚುಕ್ಕಿ ಇದ್ದುದಕ್ಕೆ ಮಗಳು ಮುತ್ತಮ್ಮ ಅಂತ ಹೆಸರಿಟ್ಟಳು.

ಒಂದು ತಿಂಗಳಿಂದ ದಿನಾ ಪಂಜರದ ತಳದಲ್ಲಿ ಪುಕ್ಕ. ತಲೆಯ ಮೇಲೆ ಮುಳ್ಳು ಮುಳ್ಳಾಗಿ ಎದ್ದಿವೆ. ಮೊದಲು ತಾನಾಗಿಯೇ ತಲೆ ಬಗ್ಗಿಸಿ ಕೆರೆಸಿಕೊಳ್ಳುತ್ತಿದ್ದವಳು ಈಗ ಬೆರಳು ತಂದರೆ ಕಚ್ಚಲು ಬರುತ್ತಾಳೆ. ಚುಕ್ಕಿಗಳು ಅರ್ಧಕ್ಕರ್ಧ ಮಾಯವಾಗಿ ಬೆನ್ನು ಬೂದಿ ಬಣ್ಣಕ್ಕೆ ತಿರುಗಿದೆ. ಇಷ್ಟಾದರೂ ಬೆಳಿಗ್ಗೆ ಎದ್ದರೆ ಒಂದೇ ಸಮ ಸಿಳ್ಳೆ. ಗಣೇಶನ ಹಬ್ಬದ ಮಾರನೇ ರಾತ್ರಿ ಎರಡು ಗಂಟೆಗೆ ಪಂಜರದೊಳಗೆ ದಡಬಡ ಸದ್ದು ಕೇಳಿ ಲೈಟ್ ಹಾಕಿದರೆ ಎಡ ರೆಕ್ಕೆಯಿಂದ ರಕ್ತ, ಗೋಡೆಗೂ ಸಿಡಿದಿತ್ತು. ಅರಿಶಿನ ಒತ್ತಿ ಹಿಡಿದೆ, ನಿಂತಿತು. ಮುರಿದ ಗರಿಯ ಮೋಟು ಇನ್ನೂ ಅಲ್ಲೇ ಇದೆ.

ಅತ್ತೆಯವರು ದೃಷ್ಟಿ ಅನ್ನುತ್ತಾರೆ. ಎದುರು ಮನೆಯವರು ಹುಳ ಬಿದ್ದಿದೆ, ಬೇವಿನೆಣ್ಣೆ ಹಚ್ಚಿ ಪಂಜರಕ್ಕೆ ಕರ್ಪೂರ ಕಟ್ಟಿ ಅಂದರು. ಅಂಗಡಿಯವರು ನೀರಿಗೆ ಹಾಕುವ ಕ್ಯಾಲ್ಸಿಯಂ ಡ್ರಾಪ್ಸ್, ಕುತ್ತಿಗೆಗೆ ಬಿಡುವ ಹುಳದ ಔಷಧಿ ಎರಡೂ ಕೊಟ್ಟರು, ಇನ್ನೂ ಹಾಕಿಲ್ಲ. ಊಟಕ್ಕೆ ನವಣೆ, ಸೂರ್ಯಕಾಂತಿ ಬೀಜ, ಸಂಜೆ ನಾವು ತಿನ್ನುವಾಗ ಮಂಡಕ್ಕಿ. ಒಂಟಿ ಅಂತ ಹೀಗಾಗಿದೆ, ಹಸಿರು ಗಿಳಿ ಮರಿ ತಂದುಕೊಡ್ತೀನಿ ಅಂತ ಪಕ್ಕದ ಮನೆ ಹುಡುಗ ಹೇಳುತ್ತಿದ್ದಾನೆ. ಇದು ಕಾಯಿಲೆಯೋ ಏನು? ಆ ಮೋಟು ಕಿತ್ತು ತೆಗೆಯಬೇಕಾ? ನಾಲ್ಕು ಫೋಟೋ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ್ದು ಒಂದೇ ಸಂಗತಿ, ಆ ರಾತ್ರಿಯ ರಕ್ತ. ಪುಕ್ಕ ಉದುರಿದ್ದು, ತಲೆಯ ಮುಳ್ಳು, ಸಿಡುಕು, ಬಣ್ಣ ಹೋದದ್ದು, ಇವು ನಾಲ್ಕೂ ಏಳು ತಿಂಗಳ ಕಾಕಟೀಲಿಗೆ ಆಗಬೇಕಾದ್ದೇ. ಒಂದು ವರ್ಷವಾದರೂ ಆಗದಿದ್ದರೆ ಆಗ ಯೋಚನೆ ಮಾಡಬೇಕಿತ್ತು.

ಗರಿ ಅನ್ನುವುದು ನಮ್ಮ ಉಗುರು, ಕೂದಲಿನ ಜಾತಿಯದು. ಅದರಲ್ಲಿ ಹೆಚ್ಚುಕಡಿಮೆ ನೂರಕ್ಕೆ 90 ಪಾಲು ಪ್ರೋಟೀನೇ. ಬೆಳೆದು ಮುಗಿದ ಮೇಲೆ ಅದಕ್ಕೆ ಜೀವವಿಲ್ಲ, ಹರಿದರೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಉಟ್ಟ ಬಟ್ಟೆಯ ಹಾಗೆ ಸವೆಯುತ್ತದೆ, ಸವೆದ ಮೇಲೆ ಬದಲಿಸಬೇಕು. ನಾಟಿ ಕೋಳಿ ಸಾಕಿದ ಮನೆಯವರು ಇದನ್ನು ಪ್ರತಿವರ್ಷ ನೋಡುತ್ತಾರೆ. ಮೊಟ್ಟೆ ನಿಲ್ಲಿಸಿ, ಕುತ್ತಿಗೆ ಬೋಳಾಗಿ, ಮಂಕಾಗಿ ತಿರುಗುವ ಕೋಳಿಯನ್ನು ಯಾರೂ ಆಸ್ಪತ್ರೆಗೆ ಹೊತ್ತು ತರುವುದಿಲ್ಲ. ಅದೇ ಕೆಲಸವನ್ನು ಪಂಜರದ ಹಕ್ಕಿ ಮಾಡಿದರೆ ಮನೆಯೆಲ್ಲ ಗಾಬರಿ! ಇದಕ್ಕೇ ಮೋಲ್ಟಿಂಗ್ ಅನ್ನುವುದು.

ಮರಿಗಳಿಗೆ ಇದು ಇನ್ನೂ ದೊಡ್ಡ ಕೆಲಸ. ಗೂಡಿನಲ್ಲಿ ಐದೇ ವಾರದಲ್ಲಿ ಗಡಿಬಿಡಿಯಲ್ಲಿ ಬೆಳೆದ ಗರಿ ಅದು, ಅಷ್ಟೇನೂ ಗಟ್ಟಿಯಲ್ಲ. ಕಾಕಟೀಲುಗಳು ಸುಮಾರು ಆರನೇ ತಿಂಗಳಿಗೆ ಅದನ್ನು ಕಳಚಲು ಶುರುಮಾಡಿ ವರ್ಷ ತುಂಬುವುದರೊಳಗೆ ದೊಡ್ಡವರ ಗರಿ ತೊಡುತ್ತವೆ. ಬಜ್ಜಿಗಳು, ಅಂದರೆ ನಮ್ಮಲ್ಲಿ ತಪ್ಪಾಗಿ ಲವ್‌ಬರ್ಡ್ ಅಂತ ಕರೆಯುವ ಪುಟ್ಟ ಹಕ್ಕಿಗಳು, ಮೂರು ನಾಲ್ಕು ತಿಂಗಳಿಗೇ ಶುರು. ಅವುಗಳ ಹಣೆಯ ಮೇಲಿನ ಗೆರೆಗಳು ಆಗ ಹಿಂದೆ ಸರಿದು ಹಣೆ ಬೆಳ್ಳಗೋ ಹಳದಿಯೋ ಆಗುತ್ತದೆ. ಸನ್ ಕಾನ್ಯೂರ್ ಅನ್ನುವ ಗಿಳಿಯ ಮರಿ ಹಸಿರು ಹಸಿರಾಗಿದ್ದು, ಪೂರ್ತಿ ಬೆಂಕಿ ಬಣ್ಣಕ್ಕೆ ಬರಲು ಒಂದೂವರೆ ಎರಡು ವರ್ಷ ತೆಗೆದುಕೊಳ್ಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ನೋಡಿದ ಬಣ್ಣವೇ ಕೊನೆಯ ಬಣ್ಣ ಅಂತ ಇಲ್ಲ.

ಇನ್ನು ಮುತ್ತಿನ ವಿಷಯ. ನಿಮ್ಮ ಎರಡನೇ ಫೋಟೋದಲ್ಲಿ ಬಾಲ ಬಿಡಿಸಿ ಹಿಡಿದಿದ್ದೀರಿ, ಒಳ್ಳೆಯ ಕೆಲಸ ಮಾಡಿದಿರಿ. ಬಾಲದ ಕೆಳಮೈಯಲ್ಲಿ ಅಂಚಿನ ಹಳೆಯ ಗರಿಗಳಲ್ಲಿ ಹಳದಿ ಅಡ್ಡಪಟ್ಟೆ ಇನ್ನೂ ಇದೆ. ನಡುವೆ ಹೊಸದಾಗಿ ಇಳಿದ ಎರಡು ಗರಿಗಳಲ್ಲಿ ಪಟ್ಟೆಯೇ ಇಲ್ಲ, ಬರೀ ಕಪ್ಪು ಬೂದಿ. ಕೆನ್ನೆಯ ಕಿತ್ತಳೆ ಚುಕ್ಕೆಯ ಸುತ್ತ ಹಳದಿ ಏರುತ್ತಿದೆ. ಬೆಳಿಗ್ಗೆ ಎದ್ದು ಸಿಳ್ಳೆ ಬೇರೆ ಹೊಡೆಯುತ್ತದೆ ಅಂದಿರಿ. ನಿಮ್ಮ ಮುತ್ತಮ್ಮ ಗಂಡು. ಮುತ್ತು ಚುಕ್ಕಿಯ ಈ ತಳಿಗೆ ಪರ್ಲ್ ಅಂತಾರೆ. ಮರಿಯಲ್ಲಿ ಗಂಡು ಹೆಣ್ಣು ಎರಡಕ್ಕೂ ಚುಕ್ಕಿ ಇರುತ್ತದೆ. ಮೊದಲ ಸಲ ಗರಿ ಬದಲಾಗುವಾಗ ಗಂಡಿನ ಹೊಸ ಗರಿಯಲ್ಲಿ ಕಪ್ಪು ಬಣ್ಣದ ಅಂಶ ಹೆಚ್ಚಾಗಿ ಹಳದಿಯನ್ನು ಮುಚ್ಚಿಬಿಡುತ್ತದೆ. ಹೆಣ್ಣಾದರೆ ಚುಕ್ಕಿ ಬದುಕಿಡೀ ಉಳಿಯುತ್ತವೆ. ಎರಡು ತಿಂಗಳಲ್ಲಿ ಹೊರನೋಟಕ್ಕೆ ಗಂಡು ಹೆಣ್ಣು ಹೇಳುವುದು ಯಾರ ಕೈಯಲ್ಲೂ ಆಗದ ಮಾತು, ಅಂಗಡಿಯವರು ಬಾಯಿಗೆ ಬಂದದ್ದು ಹೇಳಿದ್ದಾರೆ.

ಇದರಲ್ಲಿ ನಾನೂ ಒಮ್ಮೆ ಬಿದ್ದಿದ್ದೇನೆ. ದಾವಣಗೆರೆಯಲ್ಲಿ ಕ್ಲಿನಿಕ್ ತೆರೆದ ಹೊಸತು. ಅಲ್ಲಿಯವರೆಗೆ ನನ್ನ ಕೈಗೆ ಬರುತ್ತಿದ್ದುದು ಎಮ್ಮೆ, ಕುರಿ, ನಾಯಿ. ಒಬ್ಬರು ಇಂಥದ್ದೇ ಪರ್ಲ್ ಕಾಕಟೀಲ್ ತಂದರು, ಗರಿ ಉದುರುತ್ತಿದೆ ಅಂತ. ಮೈ ಕೆರೆದುಕೊಳ್ಳುತ್ತಿತ್ತು, ಹುಳ ಇರಬಹುದು ಅಂದುಕೊಂಡು ಕುತ್ತಿಗೆಗೆ ಒಂದು ಹನಿ ಔಷಧಿ ಬಿಟ್ಟೆ. ಕೆರೆತ ತಾನಾಗಿ ನಿಂತಿತು, ಹೆಸರು ನನಗೆ ಬಂತು. ಎರಡು ತಿಂಗಳು ಬಿಟ್ಟು ಅದೇ ಮನುಷ್ಯ ಪಂಜರ ಹಿಡಿದು ಬಂದು, 'ಡಾಕ್ಟ್ರೇ, ನಿಮ್ಮ ಔಷಧಿ ಹುಳಾನೂ ತೊಳೀತು, ಮುತ್ತೂ ತೊಳೀತು, ಈಗ ಇದನ್ನ ಏನು ಮಾಡ್ಲಿ?' ಅಂದರು. ಬೂದಿ ಬಣ್ಣದ ಗಂಡು ಹಕ್ಕಿ ಜುಟ್ಟು ನೆಟ್ಟಗೆ ಮಾಡಿಕೊಂಡು ನನ್ನನ್ನೇ ನೋಡುತ್ತಿತ್ತು. ಅವರಿಗೆ ಉತ್ತರ ಹೇಳಲು ಅಂದು ರಾತ್ರಿ ಕೂತು ಓದಬೇಕಾಯಿತು.

ಅಂದಿನಿಂದ ನಾನು ಉದುರಿದ ಗರಿಯನ್ನು ನೋಡುವುದು ಕಡಿಮೆ, ಬರುತ್ತಿರುವ ಗರಿಯನ್ನು ನೋಡುವುದು ಹೆಚ್ಚು. ಪಂಜರದ ತಳದ ಪುಕ್ಕ ಹಳೇ ಕಥೆ. ಚರ್ಮದಿಂದ ಈಗ ಏನು ಮೊಳೆಯುತ್ತಿದೆ ಅನ್ನುವುದು ಹಕ್ಕಿಯ ಇವತ್ತಿನ ಆರೋಗ್ಯ ಹೇಳುತ್ತದೆ.

ಹೊಸ ಗರಿ ಬರುವ ರೀತಿ ಬಾಳೆಯ ಸುಳಿ ಇದ್ದ ಹಾಗೆ. ಎಲೆ ಹೇಗೆ ಸುತ್ತಿಕೊಂಡು ಕಡ್ಡಿಯಂತೆ ಮೇಲೆ ಬಂದು ಆಮೇಲೆ ತುದಿಯಿಂದ ಬಿಚ್ಚಿಕೊಳ್ಳುತ್ತದೋ, ಗರಿಯೂ ಹಾಗೇ ತೆಳು ಕವಚದೊಳಗೆ ಸುತ್ತಿಕೊಂಡು ಬರುತ್ತದೆ. ನೀವು ಮುಳ್ಳು ಅಂದದ್ದು ಅದನ್ನೇ, ಪಿನ್ ಫೆದರ್ ಅಂತಾರೆ. ಬೆಳೆಯುತ್ತಿರುವಷ್ಟು ದಿನ ಅದರ ಬುಡದೊಳಗೆ ರಕ್ತ ಹರಿಯುತ್ತಿರುತ್ತದೆ, ಹಿಡಿದರೆ ನೋವಾಗುತ್ತದೆ. ಬೆಳೆದು ಮುಗಿದ ಮೇಲೆ ರಕ್ತ ಹಿಂದೆ ಸರಿದು ಬುಡ ಬಿಳಿಯ ಪೊಳ್ಳು ಕೊಳವೆಯಾಗುತ್ತದೆ, ಕವಚ ಒಣಗಿ ಹೊಟ್ಟಿನಂತೆ ಉದುರುತ್ತದೆ. ಮೈಯೆಲ್ಲ ಅಂಥ ನೂರಾರು ಕಡ್ಡಿ ಎದ್ದಿರುವಾಗ ನಿಮ್ಮ ಬೆರಳು ತಗುಲಿದರೆ ಕಚ್ಚದೆ ಇನ್ನೇನು ಮಾಡೀತು? ಮಗಳಿಗೆ ಹೇಳಿ, ಮುನಿಸಿಕೊಂಡಿಲ್ಲ, ನೋಯುತ್ತಿದೆ ಅಂತ. ತುದಿ ಒಣಗಿ ಬೆಳ್ಳಗಾದ ಕಡ್ಡಿಗಳನ್ನು ಮಾತ್ರ, ಹಕ್ಕಿ ತಾನಾಗಿ ತಲೆ ಕೊಟ್ಟರೆ, ಎರಡು ಬೆರಳಲ್ಲಿ ಹಗುರವಾಗಿ ತಿಕ್ಕಬಹುದು. ಬುಡ ನೇರಳೆಯಾಗಿರುವುದನ್ನು ಮುಟ್ಟಬೇಡಿ. ಮುಳ್ಳು ಚುಚ್ಚಿಕೊಂಡಿದೆ ಅಂತ ಚಿಮಟ ಹಿಡಿದು ಒಂದೊಂದೇ ಕಿತ್ತು ತೆಗೆದು ತಂದವರನ್ನೂ ನೋಡಿದ್ದೇನೆ. ಆ ಹಕ್ಕಿಯ ನೆತ್ತಿ ಬಹಳ ದಿನ ಸರಿಹೋಗಲಿಲ್ಲ.

ಹಾಗಾದರೆ ಕಾಯಿಲೆ ಅಂತ ಯಾವಾಗ ಅನುಮಾನಿಸಬೇಕು? ಸಹಜವಾಗಿ ಉದುರುವಾಗ ಎಡಬಲ ಹೆಚ್ಚುಕಡಿಮೆ ಸಮನಾಗಿ ಉದುರುತ್ತದೆ. ರೆಕ್ಕೆಯ ದೊಡ್ಡ ಗರಿಗಳು ಗಿಳಿ ಜಾತಿಯಲ್ಲಿ ನಡುವಿನಿಂದ ಶುರುವಾಗಿ ಎರಡೂ ಕಡೆಗೆ ಒಂದೊಂದಾಗಿ ಬದಲಾಗುತ್ತವೆ. ಹಾರಾಟ ಪೂರ್ತಿ ನಿಂತುಹೋಗದ ಹಾಗೆ ಆ ಏರ್ಪಾಡು. ಬೋಳು ಚರ್ಮ ಕಾಣುವುದಿಲ್ಲ, ಕಂಡರೂ ಅಲ್ಲಿ ಆಗಲೇ ಕಡ್ಡಿ ಎದ್ದಿರುತ್ತದೆ. ಹಕ್ಕಿ ಹೆಚ್ಚು ನಿದ್ದೆ ಮಾಡುತ್ತದೆ, ಸಿಡುಕುತ್ತದೆ, ಆದರೆ ತಿನ್ನುತ್ತದೆ. ಒಂದೂವರೆ ಎರಡು ತಿಂಗಳಲ್ಲಿ ಜೋರು ಇಳಿಯುತ್ತದೆ. ನಿಮ್ಮ ಫೋಟೋಗಳಲ್ಲಿ ಕಂಡಿದ್ದು ಇದೇ.

ತಾನೇ ಗರಿ ಕಿತ್ತುಕೊಳ್ಳುವ ಹಕ್ಕಿಯನ್ನು ಗುರುತಿಸುವುದು ಸುಲಭ, ಎದೆ ತೊಡೆ ಬೋಳಾಗಿ ತಲೆ ಮಾತ್ರ ಮದುವಣಗಿತ್ತಿಯ ಹಾಗೆ ತುಂಬಿಕೊಂಡಿರುತ್ತದೆ. ತನ್ನ ಕೊಕ್ಕು ತನ್ನ ತಲೆಗೆ ಎಟುಕುವುದಿಲ್ಲವಲ್ಲ! ಕಾಕಟೀಲುಗಳಲ್ಲಿ ರೆಕ್ಕೆಯ ಕೆಳಗೆ, ತೊಡೆಯ ಸಂದಿಯಲ್ಲಿ ಕಿರುಚುತ್ತ ಕಿತ್ತುಕೊಳ್ಳುವುದು ಕಂಡರೆ ಕರುಳಿನ ಜಿಯಾರ್ಡಿಯಾ ಸೋಂಕಿಗೆ ಹಿಕ್ಕೆ ಪರೀಕ್ಷೆ ಮಾಡಿಸಬೇಕು. ಇನ್ನು ಬಿಳಿ ಹಳದಿಯ ಲುಟಿನೋ ತಳಿಯ ಅನೇಕ ಕಾಕಟೀಲುಗಳಿಗೆ ಜುಟ್ಟಿನ ಹಿಂದೆ ಬೋಳು ಜಾಗ ಹುಟ್ಟಿನಿಂದಲೇ ಇರುತ್ತದೆ. ಅದು ತಳಿಯ ಗುಣ, ಔಷಧಿ ಇಲ್ಲ, ಬೇಕಾಗಿಯೂ ಇಲ್ಲ.

ನಾನು ಹೆದರುವುದು ಪಿಬಿಎಫ್‌ಡಿ ಅನ್ನುವ ಕೊಕ್ಕು ಮತ್ತು ಗರಿಯ ವೈರಸ್ ರೋಗಕ್ಕೆ. ಮೂರು ವರ್ಷದೊಳಗಿನ ಮರಿಗಳಿಗೇ ಹೆಚ್ಚು. ಅದರಲ್ಲಿ ಹೊಸ ಗರಿಯೇ ಕೆಟ್ಟು ಬರುತ್ತದೆ. ಬುಡದಲ್ಲಿ ದಾರ ಕಟ್ಟಿದ ಹಾಗೆ ಸಣ್ಣಗಾಗಿ, ಮೋಟಾಗಿ, ಸುರುಳಿಯಾಗಿ, ದಂಟಿನೊಳಗೆ ಹೆಪ್ಪುಗಟ್ಟಿದ ಕಪ್ಪು ರಕ್ತದೊಂದಿಗೆ. ಕವಚ ಬಿಚ್ಚಿಕೊಳ್ಳುವುದೇ ಇಲ್ಲ. ಪ್ರತಿ ಸಲ ಬದಲಾದಾಗ ಇನ್ನಷ್ಟು ಕೆಡುತ್ತದೆ. ಕಾಕಟೀಲಿಗೆ ಈ ರೋಗ ಅಪರೂಪ. ನಿಜವಾದ ಲವ್‌ಬರ್ಡ್, ಬಜ್ಜಿ, ಕಾಕಟೂ, ಆಫ್ರಿಕನ್ ಗ್ರೇ ಗಿಳಿಗಳಲ್ಲಿ ಹೆಚ್ಚು. ರಕ್ತ ಅಥವಾ ಗರಿಯ ಪಿಸಿಆರ್ ಪರೀಕ್ಷೆಯಿಂದ ತಿಳಿಯುತ್ತದೆ. ಗುಣಪಡಿಸುವ ಔಷಧಿ ಇಲ್ಲ, ಮನುಷ್ಯರಿಗೆ ಅಂಟುವುದೂ ಇಲ್ಲ. ಕಾಕಟೀಲ್ ಮೈ ಕೊಡವಿದಾಗ ಏಳುವ ಬಿಳಿ ಹುಡಿ ಕಂಡು ಅನೇಕರು ಹೊಟ್ಟು ರೋಗ ಅಂದುಕೊಳ್ಳುತ್ತಾರೆ. ಅದು ಈ ಹಕ್ಕಿಯ ಸಹಜ ಪೌಡರ್, ಇದ್ದರೇ ಆರೋಗ್ಯ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಮಾತ್ರ ಪಂಜರ ಮಲಗುವ ಕೋಣೆಯಲ್ಲಿ ಬೇಡ.

ಹುಳದ ಮಾತು. ಮನೆಯೊಳಗೆ ಒಂದೇ ಹಕ್ಕಿ ಇರುವಲ್ಲಿ ಗರಿ ಉದುರಲು ಹುಳ ಕಾರಣವಾಗುವುದು ಬಹಳ ಕಡಿಮೆ. ಅನುಮಾನವಿದ್ದರೆ ರಾತ್ರಿ ಪಂಜರಕ್ಕೆ ಬಿಳಿ ಬಟ್ಟೆ ಹೊದಿಸಿ, ಬೆಳಿಗ್ಗೆ ಮಡಿಕೆಗಳಲ್ಲಿ ಕೆಂಪು ಚುಕ್ಕಿ ಓಡಾಡುತ್ತಿವೆಯಾ ನೋಡಿ. ಕೊಕ್ಕಿನ ಸುತ್ತ ಸುಣ್ಣ ಕಟ್ಟಿದ ಹಾಗೆ ತೂತು ತೂತಾದ ಹಕ್ಕಳೆ ಇದ್ದರೆ ಅದು ಮತ್ತೊಂದು ಜಾತಿಯ ಹುಳ, ಬಜ್ಜಿಗಳಲ್ಲಿ ಹೆಚ್ಚು. ಎರಡೂ ಇಲ್ಲದಿದ್ದರೆ ಅಂಗಡಿಯ ಆ ಕುತ್ತಿಗೆ ಔಷಧಿಯನ್ನು ಮುಚ್ಚಳ ತೆಗೆಯದೆ ಆಚೆ ಇಡಿ. ಅಂಥ ಔಷಧಿಯನ್ನು ತೂಕ ನೋಡಿ ಹನಿ ಲೆಕ್ಕದಲ್ಲಿ ಕೊಡಬೇಕು, ನಿಮ್ಮ ಹಕ್ಕಿ ಇರುವುದೇ 80–100 ಗ್ರಾಂ. ಎಣ್ಣೆ ಖಂಡಿತ ಬೇಡ, ಬೇವಿನದಾಗಲಿ ಕೊಬ್ಬರಿಯದಾಗಲಿ. ಗರಿ ಮೈಗಂಟಿಕೊಂಡರೆ ಬೆಚ್ಚಗಿರಲು ಆಗುವುದಿಲ್ಲ, ಸವರಿಕೊಳ್ಳುತ್ತ ಎಣ್ಣೆಯನ್ನೆಲ್ಲ ನುಂಗುತ್ತದೆ. ಕರ್ಪೂರ, ನುಸಿ ಗುಳಿಗೆಗಳ ಆವಿ ಹಕ್ಕಿಗೆ ವಿಷ. ಅತ್ತೆಯವರು ದೃಷ್ಟಿ ತೆಗೆಯುತ್ತಾರೆಂದರೆ ತೆಗೆಯಲಿ, ನನ್ನ ಅಭ್ಯಂತರವಿಲ್ಲ. ಉಪ್ಪು ಮೆಣಸಿನಕಾಯಿ ಸುಡುವುದನ್ನು ಮಾತ್ರ ಅಂಗಳದಲ್ಲಿ ಸುಡಲಿ. ಆ ಘಾಟಿಗೆ ನಾವೇ ಕೆಮ್ಮುತ್ತೇವೆ, ಹಕ್ಕಿಯ ಶ್ವಾಸಕೋಶ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ದೋಸೆಗೆ ನಾನ್‌ಸ್ಟಿಕ್ ಕಾವಲಿ ಇಟ್ಟು ಮರೆತು ಅದು ಹೊಗೆಯಾಡಿದರೂ ಅಷ್ಟೇ, ಪಕ್ಕದ ಕೋಣೆಯ ಹಕ್ಕಿ ನಿಮಿಷಗಳಲ್ಲಿ ಸಾಯಬಲ್ಲದು.

ಈಗ ಆ ರಾತ್ರಿಗೆ ಬರೋಣ. ಮೂರನೇ ಫೋಟೋ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಎಡ ರೆಕ್ಕೆಯ ಉದ್ದ ಗರಿಗಳೆಲ್ಲ ಕತ್ತರಿಸಿದ ಮೋಟುಗಳು, ಬೇಲಿಯ ಗೂಟ ನಿಂತ ಹಾಗೆ. ನಡುವೆ ಒಂದೇ ಒಂದು ಹೊಸ ಗರಿ ಉದ್ದಕ್ಕೆ ಹೊರಬಂದಿದೆ, ಬುಡ ನೀಲಿ ನೇರಳೆ, ತುದಿ ಆಗ ತಾನೇ ಕುಂಚದ ಹಾಗೆ ಬಿಚ್ಚಿಕೊಂಡಿದೆ. ಅದರ ಪಕ್ಕದಲ್ಲೇ ಇದ್ದ ಇನ್ನೊಂದು ಮುರಿದಿದೆ. ರೆಕ್ಕೆ ಕತ್ತರಿಸದ ಹಕ್ಕಿಯಲ್ಲಿ ಬೆಳೆಯುವ ಗರಿಗೆ ಎರಡೂ ಕಡೆ ಗಟ್ಟಿ ಗರಿಗಳ ಆಸರೆ ಇರುತ್ತದೆ. ಅಂಗಡಿಯವರು ಬುಡಕ್ಕೇ ಕತ್ತರಿಸಿದ್ದರಿಂದ ನಿಮ್ಮ ಹಕ್ಕಿಗೆ ಆ ಆಸರೆ ಇಲ್ಲ. ರಾತ್ರಿ ಬೆದರಿ ಬಡಿದುಕೊಂಡಾಗ ಮೊದಲು ಸರಳಿಗೆ ತಾಗಿದ್ದು ರಕ್ತ ತುಂಬಿದ, ಈಗ ಮುರಿದಿರುವ ಆ ಪಕ್ಕದ ಗರಿ. ಮೋಲ್ಟಿಂಗ್ ಸಹಜ, ಈ ರಕ್ತ ಮಾತ್ರ ಕತ್ತರಿಯ ಫಲ.

ಕಾಕಟೀಲುಗಳಿಗೆ ರಾತ್ರಿ ಬೆದರುವ ಗುಣ ಇದ್ದೇ ಇದೆ. ಹಲ್ಲಿ ಸರಿದರೆ, ಬೈಕಿನ ಲೈಟು ಗೋಡೆ ಮೇಲೆ ಹಾದರೆ, ಪಟಾಕಿ ಸಿಡಿದರೆ, ಕತ್ತಲಲ್ಲಿ ದಿಕ್ಕು ಕಾಣದೆ ಎಲ್ಲ ಕಡೆ ಬಡಿದುಕೊಳ್ಳುತ್ತವೆ. ಅದಕ್ಕೆ ಮದ್ದು ಜೀರೋ ಬಲ್ಬ್. ಪಂಜರದ ಸರಳು ಕಾಣುವಷ್ಟು ಮಂದ ಬೆಳಕು ಸಾಕು. ಪಂಜರವನ್ನು ಕಿಟಕಿಯಿಂದ ಈಚೆ ತನ್ನಿ, ಒಂದು ಬದಿ ಗೋಡೆಗೆ ತಾಗಿರಲಿ. ಹಾಲ್‌ನಲ್ಲಿ ಹನ್ನೊಂದರವರೆಗೆ ಟಿವಿ ಓಡುತ್ತಿದ್ದರೆ ಹಕ್ಕಿಯನ್ನು ಏಳೂವರೆ ಎಂಟಕ್ಕೇ ಒಳಕೋಣೆಗೆ ಸಾಗಿಸಿ, 10–12 ಗಂಟೆ ನಿದ್ದೆ ಬೇಕು. ಗರಿ ಬದಲಾಗುವ ಕಾಲವನ್ನು ಹಕ್ಕಿಯ ಮೈ ಲೆಕ್ಕ ಹಾಕುವುದೇ ಹಗಲು ರಾತ್ರಿಯ ಅಳತೆಯಿಂದ. ಮಧ್ಯರಾತ್ರಿವರೆಗೆ ಟ್ಯೂಬ್‌ಲೈಟ್ ಉರಿಯುವ ಮನೆಗಳಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರುತ್ತಲೇ ಇರುವ ಹಕ್ಕಿಗಳನ್ನು ನೋಡಿದ್ದೇನೆ.

ಮೋಟು ಕೀಳಬೇಕಾ ಅಂತ ಕೇಳಿದಿರಿ. ಕೀಳಬೇಡಿ. ಇದರಲ್ಲಿ ಎರಡು ದಾರಿ ಇವೆ, ಎರಡಕ್ಕೂ ಅದರದರ ಅಪಾಯ ಇದೆ. ಬಿಟ್ಟರೆ, ಮತ್ತೊಂದು ಸಲ ಬಡಿದುಕೊಂಡಾಗ ಮತ್ತೆ ರಕ್ತ ಬರಬಹುದು. ಎರಡು ದಿನ ಬರಲಿಲ್ಲವೆಂದರೆ ಒಳಗೆ ಹೆಪ್ಪುಗಟ್ಟಿ ಒಣಗುತ್ತದೆ, ಮುಂದೆ ಹಕ್ಕಿಯೇ ಉದುರಿಸುತ್ತದೆ. ಕಿತ್ತರೆ, ಆ ಗರಿಯ ಬೇರು ರೆಕ್ಕೆಯ ಎಲುಬಿಗೇ ಅಂಟಿರುವುದರಿಂದ ಭಾರೀ ನೋವು, ಎಳೆದ ರಭಸಕ್ಕೆ ಸೂಕ್ಷ್ಮ ಎಲುಬು ಮುರಿಯಬಹುದು. ಗರಿ ಹುಟ್ಟುವ ಗುಳಿ ಹಾಳಾದರೆ ಮುಂದಿನ ಗರಿ ಸೊಟ್ಟಗೆ ಬರುತ್ತದೆ ಅಥವಾ ಒಳಗೇ ಬೆಳೆದು ಗಂಟಾಗುತ್ತದೆ. ಹಿಂದೆ ನಾವೆಲ್ಲ ತಕ್ಷಣ ಕೀಳುತ್ತಿದ್ದೆವು. ಈಗ ರಕ್ತ ನಿಲ್ಲದಿದ್ದರೆ ಮಾತ್ರ, ಅದೂ ಮತ್ತು ಬರಿಸುವ ಔಷಧಿ ಕೊಟ್ಟು. ನಿಮ್ಮದು ನಿಂತು ವಾರ ಕಳೆದಿದೆ, ಬಿಟ್ಟುಬಿಡಿ.

ಮತ್ತೆ ಹಾಗಾದರೆ ಟವೆಲಿನಲ್ಲಿ ಹಗುರವಾಗಿ ಸುತ್ತಿ, ಕಾರ್ನ್‌ಫ್ಲೋರ್ ಅಥವಾ ಮೈದಾ ಚಿಟಿಕೆ ಹಚ್ಚಿ, ಎರಡು ಮೂರು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನೀವು ಅರಿಶಿನ ಹಚ್ಚಿದ್ದಕ್ಕೆ ಬೇಸರವೇನೂ ಬೇಡ, ಕೆಲಸ ಮಾಡಿದ್ದು ನೀವು ಒತ್ತಿ ಹಿಡಿದದ್ದು. ಎದೆಯನ್ನು ಮಾತ್ರ ಅದುಮಬಾರದು. ಹಕ್ಕಿಗೆ ನಮ್ಮ ಹಾಗೆ ವಪೆ (ಎದೆ ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಗೂಡು ಅಲುಗಾಡಿದರೆ ಮಾತ್ರ ಉಸಿರು. 90 ಗ್ರಾಂ ಹಕ್ಕಿಯಲ್ಲಿ ಇರುವುದೇ ಸುಮಾರು 9 ಮಿ.ಲೀ. ರಕ್ತ. ಆರೋಗ್ಯದ ಹಕ್ಕಿ ಅದರಲ್ಲಿ ಹತ್ತನೇ ಒಂದು ಪಾಲು, ಅಂದರೆ ಹದಿನೈದಿಪ್ಪತ್ತು ಹನಿ ಕಳೆದುಕೊಂಡರೂ ತಡೆಯುತ್ತದೆ. ರೆಕ್ಕೆ ಬಡಿದಾಗ ನಾಲ್ಕು ಹನಿಯೇ ಗೋಡೆಯೆಲ್ಲ ಸಿಡಿದು ಕೊಲೆ ನಡೆದ ಹಾಗೆ ಕಾಣುತ್ತದೆ, ಅದು ಬೇರೆ. ಹದಿನೈದು ನಿಮಿಷವಾದರೂ ನಿಲ್ಲಲಿಲ್ಲ, ಹಕ್ಕಿ ತಳಕ್ಕಿಳಿದು ಕಣ್ಣು ಮುಚ್ಚಿತು ಅಂದರೆ ರಾತ್ರಿಯಾದರೂ ಹೊರಡಿ.

ಕತ್ತರಿಸಿದ ರೆಕ್ಕೆಯ ಬಗ್ಗೆ ಮತ್ತೊಂದು ಮಾತು, ಇದನ್ನು ಅಂಗಡಿಯವರು ಹೇಳುವುದಿಲ್ಲ. ಈ ಗರಿ ಬದಲಾವಣೆ ಮುಗಿದಾಗ ಮುತ್ತಮ್ಮನಿಗೆ ಪೂರ್ತಿ ರೆಕ್ಕೆ ಬಂದಿರುತ್ತದೆ. ಹಾರಲು ಬಾರದ ಹಕ್ಕಿ ಅಂತ ನೀವು ಬಾಗಿಲು ತೆರೆದಿಟ್ಟು, ಸೀಲಿಂಗ್ ಫ್ಯಾನ್ ಹಾಕಿಕೊಂಡು, ಭುಜದ ಮೇಲೆ ಕೂರಿಸಿಕೊಂಡಿರುತ್ತೀರಿ. ಒಂದು ದಿನ ಎದ್ದು ಹಾರುತ್ತದೆ. ನನ್ನ ಟೇಬಲ್ಲಿಗೆ ಬಂದ ಫ್ಯಾನ್ ಪೆಟ್ಟಿನ ಹಕ್ಕಿಗಳಲ್ಲಿ ಹೆಚ್ಚಿನವು ಹೀಗೆ ಬಂದವು. ಮತ್ತೆ ಕತ್ತರಿಸಬೇಕಾ ಅಂದರೆ, ಎಲ್ಲ ಗರಿಯೂ ಬಲಿಯುವವರೆಗೆ ಯಾರೂ ಕತ್ತರಿ ಮುಟ್ಟಬಾರದು. ಆಮೇಲೂ ನನ್ನ ಓಟು ಬೇಡ ಅನ್ನುವ ಕಡೆಗೆ. ಕಿಟಕಿಗೆ ಜಾಲರಿ ಹಾಕಿಸಿ, ಹಕ್ಕಿ ಹೊರಗಿದ್ದಾಗ ಫ್ಯಾನ್ ಆರಿಸಿ.

ಊಟದಲ್ಲಿ ತಿದ್ದುವುದಿದೆ. ನವಣೆ ನಮ್ಮ ಸೀಮೆಯ ಧಾನ್ಯ, ಒಳ್ಳೆಯದೇ, ಆದರೆ ಅದೊಂದೇ ಸಾಲದು. ಬರೀ ಕಾಳು ತಿನ್ನುವ ಹಕ್ಕಿಗೆ ಎ ವಿಟಮಿನ್ನೂ ಒಳ್ಳೆಯ ಪ್ರೋಟೀನೂ ಕಡಿಮೆ ಬೀಳುತ್ತವೆ. ಹೊಸ ಗರಿ ಕಟ್ಟಲು ಬೇಕಾದ್ದೇ ಅವು. ಈ ಕೊರತೆ ಗರಿಯಲ್ಲೇ ಬರೆದಿರುತ್ತದೆ: ಬೆಳೆಯುವಾಗ ಹಸಿವೋ ಜ್ವರವೋ ಆದ ದಿನದ ಗುರುತಾಗಿ ಗರಿಯ ಅಡ್ಡಕ್ಕೆ ಕೂದಲೆಳೆಯಂಥ ಗೆರೆ ಮೂಡುತ್ತದೆ. ಉದುರಿದ ಒಂದು ಬಾಲದ ಗರಿಯನ್ನು ಬೆಳಕಿಗೆ ಹಿಡಿದು ನೋಡಿ, ಗೂಡಿನಲ್ಲಿದ್ದಾಗಿನ ಗೆರೆ ಒಂದೆರಡು ಸಿಕ್ಕೀತು. ಹೊಸದರಲ್ಲಿ ಸಿಗದಿದ್ದರೆ ಸರಿ.

ದಿನಾ ಸ್ವಲ್ಪ ನುಗ್ಗೆಸೊಪ್ಪು, ಕೊತ್ತಂಬರಿ ಅಥವಾ ಹರಿವೆ, ತುರಿದ ಕ್ಯಾರೆಟ್, ಬೇಯಿಸಿದ ಸಿಹಿಗುಂಬಳ ಇಡಿ. ಒಂದು ಚಮಚ ಮೊಳಕೆ ಬಂದ ಹೆಸರುಕಾಳು. ನಿಮ್ಮ ಮನೆಯಲ್ಲಿ ನಡೆಯುವುದಾದರೆ ವಾರಕ್ಕೆರಡು ಸಲ ಬೆಂದ ಮೊಟ್ಟೆ, ಹೆಬ್ಬೆರಳ ಉಗುರಿನಷ್ಟು. ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಪಂಜರದಲ್ಲಿ ಬಿಡಬೇಡಿ, ಹಳಸುತ್ತದೆ. ಪೆಲ್ಲೆಟ್, ಅಂದರೆ ಹಕ್ಕಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ, ಸಿಕ್ಕರೆ ಉತ್ತಮ, ಆದರೆ ಕಾಳು ನಿಲ್ಲಿಸಿ ಒಮ್ಮೆಲೇ ಪೆಲ್ಲೆಟ್ ಹಾಕಿದರೆ ಉಪವಾಸ ಬಿದ್ದು ಸಾಯುವ ಮೊಂಡು ಜಾತಿ ಇದು. ಈ ಗರಿಗಾಲ ಮುಗಿಯಲಿ, ಆಮೇಲೆ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಬೆರೆಸುತ್ತ ಬನ್ನಿ. ಸೂರ್ಯಕಾಂತಿ ಬೀಜ ದಿನಕ್ಕೆ ನಾಲ್ಕೈದು, ಕೈಯಿಂದ, ಬಹುಮಾನದ ಹಾಗೆ. ಮಂಡಕ್ಕಿ ಬೇಡ. ಉಪ್ಪು ಹಾಕಿ ಹುರಿದ ಮಂಡಕ್ಕಿಯಲ್ಲಿ ಹೊಟ್ಟೆ ತುಂಬುತ್ತದೆ, ಗರಿಗೆ ಏನೂ ಸೇರುವುದಿಲ್ಲ. ಒಗ್ಗರಣೆ ಹಾಕಿದ್ದಂತೂ ದೂರವೇ ಇರಲಿ. ನಮ್ಮೂರು ಬೆಣ್ಣೆದೋಸೆಗೆ ಹೆಸರಾದ ಊರು, ಹಕ್ಕಿಗೆ ಮಾತ್ರ ಬೆಣ್ಣೆಯೂ ಬೇಡ, ಬೆಣ್ಣೆಹಣ್ಣು ಅಂದರೆ ಆವಕಾಡೊ ಶುದ್ಧ ವಿಷ. ಚಾಕಲೇಟ್, ಟೀ ಕೂಡ.

ಗರಿಗೆ ಬೇಕಿರುವುದು ಕ್ಯಾಲ್ಸಿಯಂ ಅಲ್ಲ, ಪ್ರೋಟೀನ್. ಹಾಗಾಗಿ ಆ ಡ್ರಾಪ್ಸ್‌ಗೆ ಇಲ್ಲಿ ಕೆಲಸವಿಲ್ಲ. ನೀರಿಗೆ ಹಾಕಿದರೆ ಎಷ್ಟು ಹೊಟ್ಟೆಗೆ ಹೋಯಿತು ಅನ್ನುವ ಲೆಕ್ಕವೂ ಇರುವುದಿಲ್ಲ, ರುಚಿ ಕೆಟ್ಟಿತೆಂದು ನೀರು ಕುಡಿಯುವುದನ್ನೇ ಬಿಡುವ ಹಕ್ಕಿಗಳೂ ಇವೆ. ಪಂಜರಕ್ಕೆ ಒಂದು ಕಟ್ಲ್‌ಬೋನ್ (ಕಟ್ಲ್‌ಫಿಶ್ ಅನ್ನುವ ಸಮುದ್ರಜೀವಿಯ ಸುಣ್ಣದಂಥ ಒಳಚಿಪ್ಪು) ಸಿಗಿಸಿ, ಬೇಕಾದಾಗ ಕೆರೆದುಕೊಳ್ಳುತ್ತದೆ. ಚಿತ್ರದುರ್ಗದ ಒಣ ಗಾಳಿಗೆ ಗರಿಯ ಕವಚ ಬೇಗ ಗಟ್ಟಿಯಾಗಿ ಕೆರೆತ ಹೆಚ್ಚುತ್ತದೆ. ವಾರಕ್ಕೆ ಮೂರು ನಾಲ್ಕು ಸಲ ಹನ್ನೊಂದು ಗಂಟೆ ಬಿಸಿಲಿನ ಹೊತ್ತಿಗೆ ಬರೀ ನೀರನ್ನು ಮಂಜಿನ ಹಾಗೆ ಸ್ಪ್ರೇ ಮಾಡಿ. ಎಲ್ಲ ಡ್ರಾಪ್ಸ್‌ಗಿಂತ ಇದು ವಾಸಿ.

ಜೊತೆಗೆ ಇನ್ನೊಂದು ಹಕ್ಕಿ? ಈಗ ಬೇಡವೇ ಬೇಡ. ಮೈ ನೋಯುತ್ತಿರುವಾಗ ಹೊಸ ಹಕ್ಕಿ ತಂದು ಬಿಟ್ಟರೆ ಜಗಳ, ಅದರ ಜೊತೆಗೆ ಬರುವ ಸೋಂಕು ಬೇರೆ. ಹಸಿರು ಗಿಳಿಯನ್ನಂತೂ ಎಂದೂ ತರಬೇಡಿ. ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆ ಹುಡುಗನಿಗೆ ನೀವೇ ಕರೆದು ಹೇಳಿ. ಕಾಕಟೀಲ್ ಆಸ್ಟ್ರೇಲಿಯಾ ಮೂಲದ್ದು, ಇಲ್ಲೇ ಪಂಜರದಲ್ಲಿ ಮರಿ ಮಾಡಿಸಿದ್ದು, ಸಾಕಲು ಅಡ್ಡಿಯಿಲ್ಲ. ಮುಂದೆ ಎಂದಾದರೂ ಸನ್ ಕಾನ್ಯೂರ್‌ನಂಥದ್ದು ತಂದರೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕಾಗುತ್ತದೆ.

ಇನ್ನು ನೀವು ಮಾಡಬೇಕಾದ ಒಂದು ಕೆಲಸ. ಅಡುಗೆಮನೆಯ ಗ್ರಾಂ ತಕ್ಕಡಿ ಮೇಲೆ ಒಂದು ಪುಟ್ಟ ಡಬ್ಬ ಇಟ್ಟು, ದಿನಾ ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮೊದಲು, ಹಕ್ಕಿಯ ತೂಕ ಬರೆದಿಡಿ. ಮಗಳಿಗೇ ಕೊಡಿ ಈ ಕೆಲಸ. ಒಂದೆರಡು ಗ್ರಾಂ ಏರಿಳಿತ ಸಹಜ. ಹತ್ತರಲ್ಲೊಂದು ಪಾಲು ಇಳಿದರೆ, ಉಬ್ಬಿಕೊಂಡು ಹಗಲೆಲ್ಲ ಕೂತರೆ, ಉಸಿರಿಗೆ ಬಾಲ ಮೇಲೆ ಕೆಳಗೆ ಆಡಿದರೆ, ಹಿಕ್ಕೆ ನೀರಾದರೆ, ಅಥವಾ ಬೋಳಾದ ಜಾಗದಲ್ಲಿ ಮೂರು ವಾರವಾದರೂ ಒಂದೂ ಕಡ್ಡಿ ಏಳದಿದ್ದರೆ ಕಾಯದೆ ಕರೆತನ್ನಿ. ಹಕ್ಕಿ ನೋಡಿ ಅಭ್ಯಾಸವಿರುವ ವೈದ್ಯರು ನಮ್ಮ ಕಡೆ ಕಡಿಮೆ. ನಾನು ಸಿಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಬಹುದು. ಮನುಷ್ಯರ ಆಂಟಿಬಯಾಟಿಕ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಬೆರೆಸಿ ಅಂತ ಯಾರಾದರೂ ಮುಂದೆ ಸಲಹೆ ಕೊಟ್ಟಾರು, ಅದನ್ನು ಮಾತ್ರ ಮಾಡಬೇಡಿ.

ಮೂರು ವಾರ ಬಿಟ್ಟು ಎಡ ರೆಕ್ಕೆ ಬಿಡಿಸಿ ಇನ್ನೊಂದು ಫೋಟೋ ತೆಗೆದು ಕಳಿಸಿ, ನೇರಳೆ ಬುಡದ ಆ ಒಂಟಿ ಗರಿ ಬೆಳ್ಳಗಾಗಿದೆಯಾ ನೋಡಬೇಕು. ಹೆಸರು ಬದಲಿಸಬೇಕಾ ಅಂತ ಮಗಳು ಕೇಳಿದರೆ, ಮುತ್ತಪ್ಪ ಅಂದರೂ ನಡೆಯುತ್ತದೆ. ಆದರೆ ಐದು ತಿಂಗಳಿಂದ ಮುತ್ತಮ್ಮ ಅಂದರೇ ಓಡಿ ಬರುವ ಹಕ್ಕಿಗೆ ಆ ತಕರಾರು ಇದ್ದಂತೆ ಕಾಣುವುದಿಲ್ಲ.